ಪೆಟ್ಟಿಗೆ ಖಾಲಿಯಾಗುವ ಮುಂಚೆ: ತುಡುವೆ ಜೇನಿನ ದೋಷ ಹುಡುಕುವ ಕೈಪಿಡಿ

ಶಿರಸಿ ಕಡೆ ತೋಟದಂಚಿನಲ್ಲಿ ಒಂದೆರಡು ಜೇನು ಪೆಟ್ಟಿಗೆ ಇಟ್ಟುಕೊಂಡವರಿಂದ ನನಗೆ ಜಾಸ್ತಿ ಬರುವ ಫೋನ್ ಒಂದೇ. "ನಿನ್ನೆ ತನಕ ನೊಣ ಇತ್ತು, ಬೆಳಿಗ್ಗೆ ನೋಡಿದರೆ ಪೆಟ್ಟಿಗೆ ಖಾಲಿ. ಒಂದು ರಾತ್ರಿಯಲ್ಲಿ ಏನಾಯ್ತು?"

ಒಂದು ರಾತ್ರಿಯಲ್ಲಿ ಏನೂ ಆಗಿರುವುದಿಲ್ಲ. ಜೇನು ರಾತ್ರಿ ಮನೆ ಬಿಟ್ಟು ಹೋಗುವುದೂ ಇಲ್ಲ. ಹೋಗುವುದು ಹಗಲು, ಬಿಸಿಲು ಇರುವಾಗಲೇ. ನಾವು ನೋಡುವುದು ಮರುದಿನ, ಅಷ್ಟೆ. ಇರುವೆಯಂಥ ದಾಳಿ ಬಿಟ್ಟರೆ, ಹೋಗುವ ಎರಡು ಮೂರು ವಾರ ಮುಂಚಿನಿಂದ ಪೆಟ್ಟಿಗೆಯಲ್ಲಿ ಸೂಚನೆ ಇದ್ದೇ ಇರುತ್ತದೆ. ಅದನ್ನು ಓದುವುದು ಹೇಗೆ ಅನ್ನುವುದಷ್ಟೇ ಇಲ್ಲಿರುವ ವಿಷಯ.

ಇಲ್ಲಿ ಹೇಳುವುದೆಲ್ಲ ತುಡುವೆ ಜೇನಿಗೆ, ಅಂದರೆ ಎಪಿಸ್ ಸೆರನಾಕ್ಕೆ. ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ (ಮೇಣದ ತಟ್ಟಿ) ಕಟ್ಟುವ ಜಾತಿ, ಪೆಟ್ಟಿಗೆಗೆ ಒಗ್ಗುವುದಿಲ್ಲ. ಚುಚ್ಚದ ಪುಟ್ಟ ಜೇನು ಮಿಸರಿಯ ಲೆಕ್ಕವೇ ಬೇರೆ. ಬಯಲುಸೀಮೆಯಲ್ಲಿ ಸೂರ್ಯಕಾಂತಿ ಹೊಲದ ಪಕ್ಕ ಇಡುವ ಮೆಲ್ಲಿಫೆರಾ ಜೇನು ತುಡುವೆಯಷ್ಟು ಸುಲಭಕ್ಕೆ ಗೂಡು ಬಿಡುವುದಿಲ್ಲ. ಹಾಗಾಗಿ ಅದರ ಪುಸ್ತಕ ಓದಿಕೊಂಡು ತುಡುವೆಗೆ ಮದ್ದು ಹುಡುಕಬೇಡಿ.

ಖಾಲಿ ಪೆಟ್ಟಿಗೆಯನ್ನು ತೊಳೆಯುವ ಮುಂಚೆ

ಖಾಲಿಯಾದ ಪೆಟ್ಟಿಗೆಯನ್ನು ಬೇಸರದಲ್ಲಿ ತೊಳೆದು ಅಟ್ಟಕ್ಕೆ ಹಾಕುತ್ತೀರಿ, ಅಲ್ವಾ? ಹಾಕಬೇಡಿ. ಕಾರಣ ಅದರೊಳಗೇ ಇದೆ. ಎರಿ ಕಟ್ಟಿದ ಮರದ ಚೌಕಟ್ಟುಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿ.

ಎರಿಗಳೆಲ್ಲ ಸ್ವಚ್ಛ, ಜೇನೂ ಇಲ್ಲ, ಮೊಟ್ಟೆ ಮರಿಯೂ ಇಲ್ಲ ಅಂದರೆ ನೊಣಗಳು ಯೋಚನೆ ಮಾಡಿಯೇ ಹೋಗಿವೆ. ಮನೆ ಬಿಡಬೇಕು ಅಂತಾದಾಗ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಇದ್ದ ಮರಿಗಳೆಲ್ಲ ನೊಣವಾಗಿ ಹೊರಬರುತ್ತವೆ, ಉಳಿದ ಜೇನನ್ನು ಹೊಟ್ಟೆಗೆ ತುಂಬಿಕೊಂಡು ಎಲ್ಲವೂ ಹೊರಡುತ್ತವೆ. ಕಾರಣ ಹಸಿವು, ಬಿಸಿಲ ಝಳ, ಇಲ್ಲವೇ ದಿನಾ ಮುಚ್ಚಳ ತೆಗೆದು ನೋಡುವ ನಮ್ಮ ಚಟ.

ಮೊಟ್ಟೆ ಮರಿ ಹಾಗೇ ಇದ್ದು ನೊಣ ಮಾತ್ರ ಇಲ್ಲ ಅಂದರೆ ಹೊರಗಿನಿಂದ ಏನೋ ನುಗ್ಗಿದೆ. ನಮ್ಮ ಕಡೆ ಹೆಚ್ಚಾಗಿ ಇರುವೆ ಅಥವಾ ಚಗಳಿ, ಅಂದರೆ ಮರದ ಕೆಂಪಿರುವೆ. ಪೆಟ್ಟಿಗೆಯ ಕಾಲಿನ ಕೆಳಗಿಟ್ಟ ನೀರಿನ ಬಟ್ಟಲು ಒಣಗಿದೆಯಾ, ಹುಲ್ಲೋ ಕಾಳುಮೆಣಸಿನ ಬಳ್ಳಿಯೋ ಪೆಟ್ಟಿಗೆಗೆ ತಾಗಿ ಸೇತುವೆ ಆಗಿದೆಯಾ ನೋಡಿ. ಬಟ್ಟಲಿನಲ್ಲಿ ನೀರು ತುಂಬಿಯೇ ಇದ್ದು, ಒಂದು ಒಣ ಸೋಗೆಯ ಎಳೆ ಅಡ್ಡ ಬಿದ್ದು ಅದರ ಮೇಲೆ ಚಗಳಿ ಸಾಲುಗಟ್ಟಿದ್ದನ್ನು ನಾನೇ ಕಂಡಿದ್ದೇನೆ.

ಸತ್ತ ನೊಣಗಳು ಎರಿಯ ಸಣ್ಣ ಗುಳಿಯೊಳಗೆ, ಅಂದರೆ ಕಣದೊಳಗೆ, ತಲೆ ತೂರಿಸಿಕೊಂಡು, ಹಿಂಭಾಗ ಮಾತ್ರ ಹೊರಗೆ ಕಾಣುವಂತೆ ಸತ್ತಿದ್ದರೆ ಅದು ಹಸಿವಿನ ಸಾವು. ಕೊನೆಯ ಹನಿ ನೆಕ್ಕಲು ಹೋಗಿ ಅಲ್ಲೇ ಉಳಿದಿವೆ. ನೋಡಲು ಬಹಳ ಕಷ್ಟವಾಗುತ್ತದೆ. ಅದೇ ಪೆಟ್ಟಿಗೆಯ ಮುಂದೆ ನೆಲದಲ್ಲಿ ರಾಶಿ ಬಿದ್ದಿದ್ದು, ತುಂಬಾ ನೊಣಗಳ ನಾಲಿಗೆ ಹೊರಚಾಚಿದ್ದರೆ ವಿಷ. ಗೇರು, ಮಾವು ಹೂ ಬಿಟ್ಟಾಗ ಸುತ್ತಮುತ್ತ ಯಾರು ಕೀಟನಾಶಕ ಹೊಡೆದರು ವಿಚಾರಿಸಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೇಲೆ ಎಲ್ಲರಿಗೂ ಗುಮಾನಿ. ಆದರೆ ಅದು ಶಿಲೀಂಧ್ರಕ್ಕೆ ಹೊಡೆಯುವ ಔಷಧಿ. ಅದರಿಂದ ಹೀಗೆ ಒಮ್ಮೆಲೇ ರಾಶಿ ಬಿದ್ದಿದ್ದನ್ನು ನಾನು ನೋಡಿಲ್ಲ. ಪಕ್ಕದವರು ಕೀಟನಾಶಕ ಹೊಡೆಯಲೇಬೇಕು ಅಂದರೆ ಸಂಜೆ ನೊಣ ಗೂಡು ಸೇರಿದ ಮೇಲೆ ಹೊಡೆಯಲು ಕೇಳಿಕೊಳ್ಳಿ. ಜಗಳಕ್ಕಿಂತ ಒಂದು ಬಾಟಲಿ ಜೇನು ಕೊಟ್ಟು ಕೇಳಿದರೆ ಕೆಲಸ ಬೇಗ ಆಗುತ್ತದೆ.

ತೆರೆಯಬೇಡಿ, ಬಾಗಿಲ ಬಳಿ ಕೂರಿ

ನೊಣ ಇನ್ನೂ ಇದೆ, ಆದರೆ ಏನೋ ಸರಿಯಿಲ್ಲ ಅಂತ ಅನುಮಾನ. ಆಗ ಮೊದಲು ಮುಚ್ಚಳ ತೆಗೆಯಬೇಡಿ. ಬೆಳಿಗ್ಗೆ ಎಂಟು ಒಂಬತ್ತು ಗಂಟೆಗೆ ಪೆಟ್ಟಿಗೆಯ ಪಕ್ಕದಲ್ಲಿ, ಎದುರಿಗಲ್ಲ, ಹತ್ತು ನಿಮಿಷ ಸುಮ್ನೆ ಕೂರಿ.

ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ನೊಣಗಳು ಒಳಗೆ ಹೋಗುತ್ತಿವೆಯಾ? ಅಡಿಕೆ ಹಿಂಗಾರದ ಪರಾಗವೋ, ಮಳೆಗಾಲದಲ್ಲಿ ಮುಟ್ಟಿದರೆ ಮುನಿಯದ್ದೋ, ಯಾವುದಾದರೂ ಸರಿ. ಪರಾಗ ಬೇಕಾಗುವುದು ಮುಖ್ಯವಾಗಿ ಮರಿಗಳಿಗೆ. ಪರಾಗ ಒಳಗೆ ಹೋಗುತ್ತಿದೆ ಅಂದರೆ ಒಳಗೆ ಮರಿ ಇದೆ, ರಾಣಿ ಕೆಲಸ ಮಾಡುತ್ತಿದೆ ಅಂತ ಹೆಚ್ಚುಕಡಿಮೆ ನಂಬಬಹುದು. ಪಕ್ಕದ ಪೆಟ್ಟಿಗೆಗೆ ಪರಾಗ ಬರುತ್ತಿದ್ದು ಇದಕ್ಕೆ ಬರುತ್ತಿಲ್ಲ ಅಂದರೆ ಮಾತ್ರ ತೆರೆದು ನೋಡುವ ಕಾರಣ ಸಿಕ್ಕಿತು.

ಬಾಗಿಲಲ್ಲಿ ನೊಣಗಳು ಒಂದನ್ನೊಂದು ಕಚ್ಚಿಕೊಂಡು ಉರುಳಾಡುತ್ತಿವೆಯಾ? ಮೈಯ ರೋಮ ಉದುರಿ ಕಪ್ಪಗೆ ಮಿರುಗುವ ನೊಣಗಳು ಬಾಗಿಲು ಬಿಟ್ಟು ಮುಚ್ಚಳದ ಸಂದಿಯಲ್ಲಿ ನುಸುಳಲು ನೋಡುತ್ತಿವೆಯಾ? ಅದು ಕಳ್ಳತನ. ಬೇರೆ ಗೂಡಿನ ನೊಣಗಳು ಜೇನು ದೋಚುತ್ತಿವೆ. ತಕ್ಷಣ ಬಾಗಿಲನ್ನು ಒಂದು ನೊಣ ಹೋಗುವಷ್ಟು ಕಿರಿದು ಮಾಡಿ, ಉಳಿದ ಸಂದಿಗಳಿಗೆ ಮಣ್ಣು ಮೆತ್ತಿ.

ರಾಣಿ ಹೋಯಿತಾ?

ಹೊಸಬರು ಇಲ್ಲಿಯೇ ಎಡವುವುದು. ಅವರ ತಪ್ಪಲ್ಲ, ನಾನೂ ಎಡವಿದವನೇ. ಮೊದಲ ವರ್ಷ ನ್ಯೂಟನ್ ಅನ್ನುವ ಮಾದರಿಯ ಏಳು ಚೌಕಟ್ಟಿನ ಪೆಟ್ಟಿಗೆ ತೆರೆದು ಅರ್ಧ ಗಂಟೆ ರಾಣಿ ಹುಡುಕುತ್ತಿದ್ದೆ. ತುಡುವೆ ನೊಣ ಎರಿಯ ಮೇಲೆ ಸುಮ್ಮನೆ ನಿಲ್ಲುವ ಜಾತಿ ಅಲ್ಲ. ಸ್ವಲ್ಪ ಅಲುಗಿದರೂ ಮೂಲೆಗೆ ಓಡಿ ಗೊಂಚಲು ಕಟ್ಟುತ್ತದೆ. ಅದರ ನಡುವೆ ರಾಣಿ ಎಲ್ಲಿ ಕಾಣಬೇಕು? ಬೇಲಿಯಾಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯ ಅಜ್ಜ ಕೇಳಿದರು, "ಎಂತಾ ಹುಡುಕ್ತಾ ಇದ್ದೆ ತಮಾ?"

"ರಾಣಿ ಕಾಣ್ತಾ ಇಲ್ಲೆ ಅಜ್ಜಾ."

"ರಾಣಿ ಎಂತಕ್ಕೆ? ಮೊಟ್ಟೆ ಇದ್ದಾ ನೋಡು, ಮುಚ್ಚು."

ಅಷ್ಟೇ. ಆಮೇಲೆ ನಾನು ರಾಣಿಯನ್ನು ಹುಡುಕಿದ್ದು ಬಹಳ ಕಡಿಮೆ.

ಮೊಟ್ಟೆ ನೋಡುವುದಕ್ಕೂ ಒಂದು ಬಗೆ ಇದೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ನಡುವಿನ ಚೌಕಟ್ಟನ್ನು ನಿಧಾನ ಎತ್ತಿ, ಬಿಸಿಲು ಹೆಗಲ ಮೇಲಿಂದ ಕಣದ ತಳಕ್ಕೆ ಬೀಳುವ ಹಾಗೆ ಸ್ವಲ್ಪ ಓರೆ ಮಾಡಿ. ತಳದಲ್ಲಿ ಬಿಳಿ ದಾರದ ಚೂರಿನಂಥದ್ದು ಅಂಟಿರುತ್ತದೆ. ಮೊದಲ ದಿನದ ಮೊಟ್ಟೆ ನೆಟ್ಟಗೆ ನಿಂತಿರುತ್ತದೆ, ಎರಡನೇ ದಿನ ವಾಲುತ್ತದೆ, ಮೂರನೇ ದಿನ ಮಲಗುತ್ತದೆ. ಆಮೇಲೆ ಮರಿ. ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಿ. ಕಪ್ಪಾದ ಹಳೇ ಎರಿಯಲ್ಲಿ ಮೊಟ್ಟೆ ಬೇಗ ಕಾಣುತ್ತದೆ, ಹೊಸ ಬಿಳಿ ಎರಿಯಲ್ಲಿ ಕಣ್ಣಿಗೆ ಮೋಸವಾಗುತ್ತದೆ.

ಇನ್ನು ಲೆಕ್ಕ ಸುಲಭ. ಮೊಟ್ಟೆ ಇದ್ದರೆ ಮೂರು ದಿನದ ಹಿಂದಿನ ತನಕವಂತೂ ರಾಣಿ ಇತ್ತು. ಮೊಟ್ಟೆ ಇಲ್ಲ, ತೆರೆದ ಕಣದಲ್ಲಿ ಮರಿ ಇದೆ ಅಂದರೆ ರಾಣಿ ಕೆಲಸ ನಿಲ್ಲಿಸಿ ಮೂರು ದಿನ ದಾಟಿದೆ, ಒಂದು ವಾರದ ಆಸುಪಾಸು ಇರಬಹುದು. ಮುಚ್ಚಿದ ಕಣ ಮಾತ್ರ ಇದ್ದರೆ ಎಂಟು ದಿನ ಮೀರಿದೆ. ಏನೂ ಇಲ್ಲದಿದ್ದರೆ ಸುಮಾರು ಮೂರು ವಾರ. ನೋಡಿದ ದಿನವೇ ಮುಚ್ಚಳದ ಒಳಗೆ ಪೆನ್ಸಿಲ್ಲಿನಲ್ಲಿ ತಾರೀಕು, "ಮೊಟ್ಟೆ ಇದೆ" ಅಥವಾ "ಇಲ್ಲ" ಅಂತ ಬರೆದುಬಿಡಿ. ಮೊಬೈಲಿನಲ್ಲಿ ಬರೆದುಕೊಂಡಿದ್ದು ಯಾವ ಪೆಟ್ಟಿಗೆಯದು ಅಂತ ನೆನಪಿರುವುದಿಲ್ಲ.

ಮೊಟ್ಟೆ ಇಲ್ಲ ಅಂದಕೂಡಲೇ ಗಾಬರಿ ಬೇಡ. ರಾಣಿಯ ಕಣಗಳನ್ನು ಹುಡುಕಿ. ಕಡಲೆಕಾಯಿಯ ಹಾಗೆ ಕೆಳಮುಖವಾಗಿ ಜೋತಾಡುವ ಉದ್ದನೆಯ ಕಣ. ಎರಿಯ ಕೆಳಗಿನ ಅಂಚಿನಲ್ಲಿ ಐದಾರು, ಹತ್ತು ಕಂಡರೆ ಜೇನು ಪಾಲಾಗುವ, ಅಂದರೆ ಒಂದು ಕುಟುಂಬ ಎರಡಾಗುವ ತಯಾರಿ. ಇಲ್ಲೆಲ್ಲ ಮಳೆ ನಿಂತು ಹೂವು ಶುರುವಾದ ಮೇಲೆ ಇದು ಮಾಮೂಲು. ದೋಷವಲ್ಲ, ಸಂಸಾರ ದೊಡ್ಡದಾದ ಗುರುತು. ಎರಿಯ ನಡುವೆ ಒಂದೆರಡು ಮಾತ್ರ, ಸಾಮಾನ್ಯ ಕಣವನ್ನೇ ಎಳೆದು ಉದ್ದ ಮಾಡಿದಂತಿದ್ದರೆ ರಾಣಿ ಹಠಾತ್ತಾಗಿ ಸತ್ತಿದೆ, ಕೆಲಸಗಾರ ನೊಣಗಳು ಎಳೆ ಮರಿಯಿಂದ ಹೊಸ ರಾಣಿ ಮಾಡುತ್ತಿವೆ. ಕಳೆದ ಸಲ ಮುಚ್ಚಳ ತೆಗೆದಾಗ ಚೌಕಟ್ಟಿನ ನಡುವೆ ನಾವೇ ಅದನ್ನು ಜಜ್ಜಿರಬಹುದು. ಹೀಗಾಗುವುದು ಅಪರೂಪವೇನಲ್ಲ.

ಕಣದ ತುದಿ ಡಬ್ಬಿಯ ಮುಚ್ಚಳದ ಹಾಗೆ ದುಂಡಗೆ ಕತ್ತರಿಸಿ ತೆರೆದಿದ್ದರೆ ಹೊಸ ರಾಣಿ ಹೊರಬಂದಿದೆ. ಪಕ್ಕದಲ್ಲಿ ತೂತಾಗಿದ್ದರೆ ಒಳಗಿನ ರಾಣಿಯನ್ನು ಗೂಡಿನವೇ ಕೊಂದಿವೆ. ಹೊಸ ರಾಣಿ ಹೊರಬಂದ ಮೇಲೆ ಹಾರಿ ಹೋಗಿ ಗಂಡು ನೊಣಗಳ ಜೊತೆ ಕೂಡಿ ಬರಬೇಕು, ಆಮೇಲೆ ಮೊಟ್ಟೆ. ಹಳೇ ರಾಣಿ ಸತ್ತ ದಿನದಿಂದ ಹೊಸ ಮೊಟ್ಟೆ ಕಾಣುವ ತನಕ ಮೂರರಿಂದ ನಾಲ್ಕು ವಾರ. ಈ ನಡುವೆ ಪೆಟ್ಟಿಗೆ ತೆರೆಯದಿರುವುದೇ ಔಷಧಿ.

ಒಂದು ಅಪವಾದ ಇದೆ. ಜುಲೈನಲ್ಲಿ ರಾಣಿ ಸತ್ತರೆ ಕಾಯಬೇಡಿ. ಹೊರಗೆ ಸುರಿಯುವ ಮಳೆಯಲ್ಲಿ ಹೊಸ ರಾಣಿ ಹಾರುವುದೆಲ್ಲಿ, ಗಂಡು ನೊಣವಾದರೂ ಎಲ್ಲಿ? ಬೇರೆ ಪೆಟ್ಟಿಗೆಯ ಜೊತೆ ಕೂಡಿಸಿಬಿಡುವುದೇ ಲೇಸು.

ಅತಿ ಕೆಟ್ಟ ಸ್ಥಿತಿ ಇನ್ನೊಂದು. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಅವೂ ತಳದಲ್ಲಿಲ್ಲ, ಗೋಡೆಗೆ ಅಂಟಿವೆ. ಕೆಲಸಗಾರ ಕಣಗಳಲ್ಲಿ ಅಲ್ಲಲ್ಲಿ ಉಬ್ಬಿದ ಮುಚ್ಚಳ. ತುಡುವೆಯ ಗಂಡು ಕಣದ ಮುಚ್ಚಳದ ನಡುವೆ ಸೂಜಿ ಚುಚ್ಚಿದಂಥ ಸಣ್ಣ ತೂತು ಇರುತ್ತದೆ, ಗುರುತು ಹಿಡಿಯಲು ಅದೇ ಸಾಕು. ಇದರರ್ಥ, ರಾಣಿ ಹೋಗಿ ಬಹಳ ದಿನವಾಗಿ ಕೆಲಸಗಾರ ನೊಣಗಳೇ ಮೊಟ್ಟೆ ಇಡಲು ಶುರು ಮಾಡಿವೆ. ಅವು ಗಂಡಿನ ಜೊತೆ ಕೂಡದವು, ಹಾಗಾಗಿ ಹುಟ್ಟುವುದೆಲ್ಲ ಗಂಡು. ತುಡುವೆಯಲ್ಲಿ ಇದು ಬಹಳ ಬೇಗ ಆಗುತ್ತದೆ. ಹೊಸ ರಾಣಿ ತಂದು ಬಿಟ್ಟರೆ ಕೊಂದುಹಾಕುತ್ತವೆ. ಇಂಥ ಪೆಟ್ಟಿಗೆಯನ್ನು ಉಳಿಸಲು ಒದ್ದಾಡಿ ನಾನು ಎರಡು ಸಲ ಸೋತಿದ್ದೇನೆ. ಈಗ ಗಟ್ಟಿ ಕುಟುಂಬದ ಜೊತೆ ಕೂಡಿಸುತ್ತೇನೆ. ಸಂಜೆ ರಾಣಿ ಇರುವ ಪೆಟ್ಟಿಗೆಯ ಮುಚ್ಚಳ ತೆಗೆದು ಮೇಲೆ ಒಂದು ಹಾಳೆ ದಿನಪತ್ರಿಕೆ ಹಾಸುವುದು, ಸೂಜಿಯಿಂದ ನಾಲ್ಕಾರು ತೂತು ಮಾಡುವುದು, ಅದರ ಮೇಲೆ ರಾಣಿಯಿಲ್ಲದ ಪೆಟ್ಟಿಗೆಯ ಕೋಣೆಯನ್ನಿಟ್ಟು ಮುಚ್ಚುವುದು. ಎರಡು ಮೂರು ದಿನದಲ್ಲಿ ಕಾಗದ ಕಚ್ಚಿ ಪುಡಿ ಮಾಡಿ ಹೊರಗೆ ಹಾಕಿರುತ್ತವೆ. ಅಷ್ಟರಲ್ಲಿ ವಾಸನೆ ಒಂದಾಗಿ ಜಗಳ ಇರುವುದಿಲ್ಲ.

ಮರಿ ಸಾಯುತ್ತಿದ್ದರೆ

ಬೆಳಿಗ್ಗೆ ಬಾಗಿಲ ಮುಂದೆ ಒಂದೆರಡು ಬಿಳಿ ಮರಿ ಬಿದ್ದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದಿನಾ ಬೀಳುತ್ತಿದ್ದರೆ ತೆರೆದು ನೋಡಿ. ಕಣದ ಮುಚ್ಚಳ ಅರ್ಧ ಕಚ್ಚಿ ತೆರೆದಿದೆ, ಒಳಗೆ ಮರಿ ಉದ್ದಕ್ಕೆ ಮಲಗಿ ತಲೆ ಮೇಲಕ್ಕೆತ್ತಿದೆ. ಒಂದು ಮುಳ್ಳಿನ ತುದಿಯಿಂದ ಮೆಲ್ಲಗೆ ಎತ್ತಿ. ಅದು ಮರಿಯ ಹಾಗೆ ಬರದೆ, ನೀರು ತುಂಬಿದ ಪುಟ್ಟ ಚೀಲದ ಹಾಗೆ ಜೋತುಬಿದ್ದು ಬಂದರೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ. ಒಣಗಿದ ಮೇಲೆ ದೋಣಿಯಾಕಾರದ ಸಿಪ್ಪೆಯಾಗಿ ಸುಲಭಕ್ಕೆ ಉದುರುತ್ತದೆ. ಗಬ್ಬು ವಾಸನೆ ಇರುವುದಿಲ್ಲ. ಹುಳಿ ವಾಸನೆ ಬಂದು, ಸಣ್ಣ ಮರಿಗಳು ಹಳದಿಯಾಗಿ ತಿರುಚಿಕೊಂಡಿದ್ದರೆ ಅದು ಬೇರೆ, ಬ್ಯಾಕ್ಟೀರಿಯಾದ ರೋಗ.

1991-92ರಲ್ಲಿ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ನಮ್ಮ ಕೊಡಗು, ಮಲೆನಾಡು, ಕರಾವಳಿಯ ತುಡುವೆ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಖಾಲಿ ಮಾಡಿತ್ತು. ಹಳಬರ ಅಟ್ಟದಲ್ಲಿ ಇವತ್ತಿಗೂ ಕಾಣುವ ಖಾಲಿ ಪೆಟ್ಟಿಗೆಗಳಲ್ಲಿ ಬಹಳಷ್ಟು ಆ ಕಾಲದವು. ಇದಕ್ಕೆ ಔಷಧಿ ಇಲ್ಲ. ವೈರಸ್ ಆದ್ದರಿಂದ ಆಂಟಿಬಯೋಟಿಕ್ ಹಾಕಿದರೆ ದುಡ್ಡು ದಂಡ, ಮೇಲಿಂದ ಜೇನೂ ಕೆಡುತ್ತದೆ. ಮಾಡಬಹುದಾದದ್ದು ಒಂದೇ, ಮರಿಗಳ ಸರಣಿ ಕಡಿಯುವುದು. ರಾಣಿಯನ್ನು ಎರಡು ಮೂರು ವಾರ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿ, ರೋಗದ ಎರಿ ತೆಗೆದು ಸುಡಿ. ಚೇತರಿಸಿಕೊಂಡರೆ ಸರಿ. ಆ ಪೆಟ್ಟಿಗೆಯ ಚೌಕಟ್ಟನ್ನು ಇನ್ನೊಂದಕ್ಕೆ ಹಾಕಲೇಬೇಡಿ, ಕೈ ಮತ್ತು ಚಾಕು ತೊಳೆಯದೆ ಪಕ್ಕದ ಮುಚ್ಚಳ ಮುಟ್ಟಬೇಡಿ. ಪೆಟ್ಟಿಗೆ ಕೊಳ್ಳುವಾಗ ಮರಿ ಇರುವ ಎರಿಯನ್ನು ಎತ್ತಿಸಿ ನೋಡದೆ ದುಡ್ಡು ಕೊಡಬೇಡಿ.

ಮೇಣದ ಪತಂಗ

ಎರಿಯಲ್ಲಿ ಬಲೆ, ಸುರಂಗ, ಕರಿಸಾಸಿವೆಯಂಥ ಹಿಕ್ಕೆ. ಎಲ್ಲರೂ ಇದನ್ನೇ ದೂರುತ್ತಾರೆ. ನನ್ನ ಪ್ರಕಾರ ಮೇಣದ ಪತಂಗ ಕಳ್ಳ ಮಾತ್ರ, ಬಾಗಿಲು ತೆರೆದಿಟ್ಟವರು ಬೇರೆ. ನೊಣ ತುಂಬಿದ ಎರಿಗೆ ಅದು ಬರುವುದಿಲ್ಲ. ಮೂರು ಎರಿ ಮುಚ್ಚುವಷ್ಟು ನೊಣಕ್ಕೆ ಏಳು ಎರಿ ಬಿಟ್ಟರೆ ಉಳಿದ ನಾಲ್ಕು ಪತಂಗಕ್ಕೆ. ಖಾಲಿ ಎರಿ ತೆಗೆದುಬಿಡಿ. ವಾರಕ್ಕೊಮ್ಮೆ ಅಡಿಮಣೆ (ಪೆಟ್ಟಿಗೆಯ ತಳದ ಹಲಗೆ) ಕೆರೆದು ಆ ಮೇಣದ ಪುಡಿಯನ್ನು ಒಲೆಗೆ ಹಾಕಿ. ಒಳ್ಳೇ ಖಾಲಿ ಎರಿ ಎತ್ತಿಡಬೇಕು ಅಂದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದೆರಡು ದಿನ ಫ್ರೀಜರಿನಲ್ಲಿಟ್ಟರೆ ಪತಂಗದ ಹುಳ ಮೊಟ್ಟೆ ಸಮೇತ ಸಾಯುತ್ತದೆ. ಮನೆಯವರ ಒಪ್ಪಿಗೆ ಕೇಳಿಕೊಳ್ಳಿ.

ಮಳೆಗಾಲದ ಹಸಿವು

ಜೂನ್‌ನಿಂದ ಸೆಪ್ಟೆಂಬರ್ ಮಲೆನಾಡಿನ ಜೇನಿಗೆ ಬರಗಾಲ. ಪೆಟ್ಟಿಗೆಯ ಹಿಂದೆ ಕೈಹಾಕಿ ಎತ್ತಿ ನೋಡುವ ಅಭ್ಯಾಸ ಮಾಡಿಕೊಂಡರೆ ತೂಕದಲ್ಲೇ ಹಸಿವು ಗೊತ್ತಾಗುತ್ತದೆ. ಹಗುರ ಅನಿಸಿದರೆ ಪಾಕ ಕೊಡಿ. ಸಕ್ಕರೆ, ನೀರು ಸಮ ಅಳತೆ. ನನ್ನ ಪೆಟ್ಟಿಗೆಗೆ ವಾರಕ್ಕೆ ಕಾಲು ಕಿಲೋ ಸಕ್ಕರೆಯ ಪಾಕ ಸಾಕಾಗುತ್ತದೆ. ತೆಂಗಿನ ಗರಟೆಗೆ ಹಾಕಿ, ನೊಣ ಮುಳುಗದಂತೆ ನಾಲ್ಕು ಕಡ್ಡಿ ತೇಲಿಬಿಟ್ಟು, ಪೆಟ್ಟಿಗೆಯ ಒಳಗೇ ಇಡಿ. ಬೆಲ್ಲ ಬೇಡ, ಹೊಟ್ಟೆ ಕೆಡುತ್ತದೆ. ಅಂಗಡಿಯ ಜೇನೂ ಬೇಡ, ಅದರಲ್ಲಿ ಯಾವ ಊರಿನ ರೋಗ ಇದೆಯೋ.

ಕೊಡುವುದು ಕತ್ತಲಾದ ಮೇಲೆ. ಇದನ್ನು ನಾನು ಕಲಿತದ್ದು ಮೊದಲ ಆಷಾಢದಲ್ಲಿ. ಸ್ವಲ್ಪ ಹೊಳವಾಗಿತ್ತು ಅಂತ ಬೆಳಿಗ್ಗೆ ಹನ್ನೊಂದು ಗಂಟೆಗೆ ಪಾಕ ಇಟ್ಟೆ, ಅಡಿಮಣೆಯ ಮೇಲೆ ಸ್ವಲ್ಪ ಚೆಲ್ಲಿತು. ಊಟ ಮಾಡಿ ಬರುವಷ್ಟರಲ್ಲಿ ಪೆಟ್ಟಿಗೆಯ ಸುತ್ತ ಮೋಡ. "ಎಷ್ಟು ಚೆನ್ನಾಗಿ ಓಡಾಡ್ತಾ ಇವೆ" ಅಂತ ಫೋಟೋ ಕೂಡ ತೆಗೆದೆ. ಸಂಜೆ ನೋಡಿದರೆ ಬಾಗಿಲ ಮುಂದೆ ಸತ್ತ ನೊಣಗಳ ರಾಶಿ, ಎರಿಯಲ್ಲಿ ಒಂದು ಹನಿ ಇಲ್ಲ, ಅಂಚೆಲ್ಲ ಕಚ್ಚಿ ಹರಿದಿದೆ. ನಾಲ್ಕು ದಿನದ ಮೇಲೆ ಉಳಿದವೂ ಹೋದವು. ಆ ಫೋಟೋ ಇನ್ನೂ ಇಟ್ಟುಕೊಂಡಿದ್ದೇನೆ. ಕಳ್ಳತನ ಹೇಗಿರುತ್ತದೆ ಅಂತ ಕೇಳಿದವರಿಗೆ ತೋರಿಸಲು ಒಳ್ಳೆಯದು.

ದೋಷ ಅಂತ ಅನಿಸುವ, ದೋಷ ಅಲ್ಲದವು

ಮಧ್ಯಾಹ್ನ ಎರಡು ಮೂರು ಗಂಟೆಗೆ ಇಪ್ಪತ್ತು ನಿಮಿಷ ಗದ್ದಲ. ನೊಣಗಳು ಪೆಟ್ಟಿಗೆಯ ಕಡೆ ಮುಖ ಮಾಡಿ ಮೇಲೆ ಕೆಳಗೆ ತೂಗಾಡುತ್ತವೆ. ಎಳೆಯ ನೊಣಗಳು ಮನೆಯ ಗುರುತು ಹಿಡಿಯುತ್ತಿವೆ. ಕಳ್ಳತನವಾಗಿದ್ದರೆ ಜಗಳ ಕಾಣಬೇಕಿತ್ತು.

ಏಪ್ರಿಲ್ ಸಂಜೆ ನೊಣಗಳು ಬಾಗಿಲ ಹೊರಗೆ ಗಡ್ಡದ ಹಾಗೆ ಜೋತುಬಿದ್ದಿವೆ. ರಾಣಿಯ ಕಣ ಇಲ್ಲದಿದ್ದರೆ ಅದು ಬರೀ ಸೆಕೆ. ಮೇಲೆ ಸೋಗೆಯ ನೆರಳು ಮಾಡಿ, ಹತ್ತಿರ ಕಲ್ಲು ಹಾಕಿದ ಬಟ್ಟಲಿನಲ್ಲಿ ನೀರಿಡಿ.

ಯಾವತ್ತೂ ಸಾಧುವಾಗಿದ್ದ ಪೆಟ್ಟಿಗೆ ಇವತ್ತು ಅಟ್ಟಿಸಿಕೊಂಡು ಬಂತು. ಗುಡುಗಿನ ದಿನವಾ? ಚೌಕಟ್ಟು ಇಳಿಸುವಾಗ ಒಂದು ನೊಣ ಜಜ್ಜಿತಾ? ಜಜ್ಜಿದ ನೊಣದಿಂದ, ಚುಚ್ಚಿದ ಮುಳ್ಳಿನಿಂದ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ, ಉಳಿದವಕ್ಕೆ ಅದೇ ಕರೆ. ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದು, ಆ ಜಾಗ ತೊಳೆದು, ಮುಚ್ಚಳ ಹಾಕಿ ಬನ್ನಿ. ಊತ, ತುರಿಕೆ ಎಲ್ಲರಿಗೂ ಆಗುತ್ತದೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆ ತಿರುಗಿದರೆ ಸುಣ್ಣ ಹಚ್ಚುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಕೊನೆಗೆ ಬಾಟಲಿ. ಜೇನು ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಅಂತಲ್ಲ. ಅದು ಹೂವಿನ ಗುಣ, ರಬ್ಬರ್ ತೋಟದ ಜೇನು ಬೇಗ ಗಟ್ಟಿಯಾಗುತ್ತದೆ. ಕೈ ಹಾಕಿದರೆ ತಡೆಯುವಷ್ಟು ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ನೊರೆ ಬಂದು, ಹುಳಿ ವಾಸನೆಯಾಗಿ, ಮುಚ್ಚಳ ತೆಗೆದರೆ ಬುಸ್ಸೆಂದರೆ ಅದು ಮಾತ್ರ ದೋಷ, ಅದೂ ನಮ್ಮದೇ. ನೊಣಗಳು ಇನ್ನೂ ನೀರು ಆರಿಸುತ್ತಿದ್ದ ಎರಿಯನ್ನು ಅವಸರದಲ್ಲಿ ಹಿಂಡಿದ್ದೇವೆ. ಮುಕ್ಕಾಲು ಪಾಲು ಕಣ ಮೇಣದಿಂದ ಮುಚ್ಚಿದ ಎರಿಯನ್ನೇ ತೆಗೆಯಬೇಕು. ನೆಂಟರು ಬಂದಿದ್ದಾರೆ ಅಂತ ಅದಕ್ಕಿಂತ ಮುಂಚೆ ಹಿಂಡಿದ್ದರೆ, ನೆಂಟರು ಇರುವಾಗಲೇ ತಿಂದು ಮುಗಿಸಿ.